ಮಲೆನಾಡಿನ ಮನೆಗಳೂ ಸಂಗೀತ ಕಚೇರಿಯೂ

ಸಂಗೀತ ಸಭೆಗಳೆಲ್ಲವೂ ಪಟ್ಟಣಗಳನ್ನೇ ಆಶ್ರಯಿಸಿರುವಲ್ಲಿ ಬೆಟ್ಟಗಾಡಿನ ರಸಿಕರು ವಿದ್ವಾಂಸರ ಗಾನವನ್ನು ಕೇಳುವುದೆಂತು? ಬೆಂಗಳೂರಿನಲ್ಲಿ 1905ರಲ್ಲಿ ಗಾಯನ ಸಮಾಜವೂ 1939ರಲ್ಲಿ ಶ್ರೀ ರಾಮಸೇವಾ ಮಂಡಳಿಯೂ ಸ್ಥಾಪಿತವಾದವು. ಕಾಫಿ ತೋಟಗಳ ನಡುವೆ ಮನೆಗೂ ಮನೆಗೂ ಬಹುದೂರವಿರುವ ಸಕಲೇಶಪುರ, ಆಲೂರು ಸೀಮೆಗಳಲ್ಲಿ ಅಂತಹ ಸಭೆಯನ್ನು ಕಟ್ಟಿ ನಡೆಸುವುದು ಸುಲಭಸಾಧ್ಯವಲ್ಲ. ಆದರೆ ಅಲ್ಲಿ ವಿಶಾಲವಾದ ಮನೆಗಳಿವೆ. ಕಚೇರಿಗೆ ಅವೇ ಸಾಕೆಂಬುದು ನಮ್ಮ ಅಭಿಮತ.

ಇದು ನೂತನವಾದ ಮಾತೇನೂ ಅಲ್ಲ. ಮೈಸೂರಿನಲ್ಲಿ ವೀಣೆ ಶೇಷಣ್ಣನವರ (1852–1926) ಮನೆಯಲ್ಲಿ ಪರಸ್ಥಳದ ವಿದ್ವಾಂಸರ ಗಾನ ನಡೆಯುತ್ತಿದ್ದುದು ಪ್ರಸಿದ್ಧವಾಗಿದೆ. ಹಾಸನ ಜಿಲ್ಲೆಯಲ್ಲಿಯೇ, ಕಾವೇರಿ ತೀರದ ರುದ್ರಪಟ್ಟಣವು ಸಂಗೀತಗಾರರ ಗ್ರಾಮವೆಂದು ಹೆಸರಾಗಿದೆ. ಅಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರಿಗೆ (1920–2014) ತಂದೆ ಕೃಷ್ಣಶಾಸ್ತ್ರಿಗಳೂ ಅಣ್ಣ ವೆಂಕಟರಾಮಶಾಸ್ತ್ರಿಗಳೂ ಗುರುಗಳಾದರು. ಮನೆಯಲ್ಲಿ ಸಂಗೀತವಿದ್ದುದರಿಂದಲ್ಲವೇ ಊರಿಗೆ ಕೀರ್ತಿ ಬಂದುದು?

ಮನೆಯ ಕಚೇರಿಗೆ ವಿಶೇಷವಾದ ಗುಣವೊಂದುಂಟು. ವೀಣೆಯ ನಾದವು ಸೂಕ್ಷ್ಮವಾದುದು. ತಂತಿಯನ್ನು ಎಳೆದು ನುಡಿಸುವ ಗಮಕವು ಧ್ವನಿವರ್ಧಕದ ಅಬ್ಬರದಲ್ಲಿ ಅಡಗಿಹೋಗುತ್ತದೆ. ಮೂವತ್ತು ನಲವತ್ತು ಮಂದಿ ಹತ್ತಿರ ಕುಳಿತು ಕೇಳುವಾಗ ಯಂತ್ರದ ಅವಶ್ಯಕತೆಯೇ ಇಲ್ಲ. ಶ್ರೋತೃಗಳ ಮುಖಭಾವವನ್ನು ಕಂಡ ವಿದ್ವಾಂಸನು ರಾಗಾಲಾಪನೆಯನ್ನು ಮನಸಾರೆ ವಿಸ್ತರಿಸುತ್ತಾನೆ.

ಹಾಗಿದ್ದರೂ ಎರಡು ಮಾತುಗಳನ್ನು ಹೇಳದೆ ಇರಲಾರೆವು. ಮದುವೆಯ ಊಟೋಪಚಾರದ ಗದ್ದಲದ ನಡುವೆ ಹಾಡಿಸಿ, ಕೊನೆಗೆ ಫಲತಾಂಬೂಲದೊಡನೆ ತೋಚಿದಷ್ಟನ್ನು ಕೊಟ್ಟು ಕಳುಹುವುದು ಆತಿಥ್ಯವೂ ಅಲ್ಲ, ರಸಿಕತೆಯೂ ಅಲ್ಲ. ಮೈಸೂರು ಸಂಸ್ಥಾನವು 1947ರಲ್ಲಿ ಭಾರತದೊಡನೆ ಸೇರಿದ ತರುವಾಯ ಅರಮನೆಯ ಆಶ್ರಯವು ಕ್ರಮೇಣ ಕುಗ್ಗಿತು. ಆ ಭಾರವೀಗ ಪ್ರಜೆಗಳದು. ಗಾಯಕರಿಗೂ ಪಕ್ಕವಾದ್ಯದವರಿಗೂ ಸಂಭಾವನೆಯನ್ನು ಮೊದಲೇ ನಿಶ್ಚಯಿಸತಕ್ಕದ್ದು. ಒಬ್ಬರಿಗೆ ಭಾರವಾದರೆ ಹತ್ತು ಮನೆಯವರು ಕೂಡಿ ಸರದಿಯಂತೆ ನಡೆಸಬಹುದು.

ಎರಡನೆಯದು ಇದಕ್ಕಿಂತಲೂ ಮುಖ್ಯವಾದುದು. ಸಭೆಗಾದರೋ ಚೀಟಿ ಕೊಂಡವರೆಲ್ಲರೂ ಹೋಗಬಹುದು. ಮನೆಗೆ ಕರೆಯದೆ ಯಾರೂ ಬರಲಾರರು. ಬಂಧುಗಳನ್ನೂ ಅಧಿಕಾರಿಗಳನ್ನೂ ಮಾತ್ರ ಕರೆದರೆ ಅದು ಕೇವಲ ವಿಲಾಸವಾದೀತು. ಶಾಲೆಯ ಮಕ್ಕಳಿಗೂ ತೋಟದಲ್ಲಿ ದುಡಿಯುವವರಿಗೂ ಕರೆ ಹೋಗಬೇಕು. ಅವರೂ ಅದೇ ಜಮಖಾನದ ಮೇಲೆ ಕುಳಿತು ಕೇಳಬೇಕು. ನಾದಕ್ಕೆ ಜಾತಿಯಿಲ್ಲವೆಂದು ಭಾಷಣ ಮಾಡುವವರು ಬಾಗಿಲನ್ನು ತೆರೆದು ಅದನ್ನು ತೋರಿಸಲಿ.

ಮುಂಗಾರಿನ ತಿಂಗಳುಗಳಲ್ಲಿ ಮಲೆನಾಡಿನ ದಾರಿಗಳು ದುರ್ಗಮವಾಗುತ್ತವೆ. ಮಾಗಿಯಲ್ಲಿ ಕಾಫಿ ಕೊಯಿಲಿನಿಂದ ಯಾರಿಗೂ ಬಿಡುವಿಲ್ಲ. ಕೊಯಿಲು ಮುಗಿದು, ಯುಗಾದಿ ಕಳೆದು, ಶ್ರೀರಾಮನವಮಿ ಬರುವ ವೇಳೆಯೇ ಇದಕ್ಕೆ ತಕ್ಕ ಕಾಲ. ಹಾಸನ ಮಂಗಳೂರು ರೈಲು ಮಾರ್ಗವು ಎರಡು ತಾಲ್ಲೂಕುಗಳನ್ನೂ ಹಾದುಹೋಗುವುದರಿಂದ ವಿದ್ವಾಂಸರು ಬರುವುದಕ್ಕೆ ಅಡ್ಡಿಯಿಲ್ಲ. ಬರುವ ನವಮಿಗೆ ಒಂದು ಮನೆಯವರಾದರೂ ಮುಂದಾಗಲಿ. ಉಳಿದವರು ಅನುಸರಿಸುವರೆಂಬ ಭರವಸೆ ನಮಗಿದೆ.