ಬಿಲ್ಲಿನ ಅಂಕಿಗೆ ಅಂಟಿದ್ದ ಎರಡು ಅಕ್ಷರ!

ಎಲ್ಲಕ್ಕೂ ಕಾರಣ ಒಂದು ವಾಷಿಂಗ್ ಮೆಷಿನ್. ಮನೆಗೆ ತಂದ ಮೂರನೇ ದಿನಕ್ಕೇ ಅದರ ಡ್ರಮ್ಮು ಗಡಗಡ ಅನ್ನತೊಡಗಿತು. ಅಂಗಡಿಯವರು ತಕರಾರಿಲ್ಲದೆ ವಾಪಸು ತೆಗೆದುಕೊಂಡು, ‘ದುಡ್ಡು ನಿಮ್ಮ ಕಾರ್ಡಿಗೇ ಬರುತ್ತೆ ಮೇಡಂ’ ಅಂದರು. ಅಷ್ಟರಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲಿನ ಗಡುವು ಬಂತು. ಬಡ್ಡಿ ಬಿದ್ದೀತು ಅನ್ನುವ ಭಯಕ್ಕೆ ಪೂರ್ತಿ ಕಟ್ಟಿಬಿಟ್ಟೆ. ಮುಂದಿನ ತಿಂಗಳು ಕಾರ್ಡನ್ನು ಮುಟ್ಟಲೂ ಇಲ್ಲ. ಆದರೂ ಸ್ಟೇಟ್‌ಮೆಂಟ್ ತೆರೆದರೆ, ಒಟ್ಟು ಬಾಕಿ ಎಂಬಲ್ಲಿ 18,490 ರೂಪಾಯಿ!

ಎದೆ ಧಸಕ್ಕೆಂದಿತು. ಮತ್ತೆ ಕಟ್ಟೋಣವೆಂದು ಬೆರಳು ಎತ್ತಿದ್ದೆ. ಆಗ ಕಂಡಿತು, ಆ ಅಂಕಿಯ ಬಾಲಕ್ಕೆ ಸಣ್ಣಗೆ ಅಂಟಿಕೊಂಡಿದ್ದ ‘ಸಿಆರ್’ ಎಂಬ ಎರಡು ಇಂಗ್ಲಿಷ್ ಅಕ್ಷರ.

ಅಪ್ಪನಿಗೆ ತೋರಿಸಿದೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಕನ್ನಡಕ ಏರಿಸಿ ಒಂದೇ ಒಂದು ಸಲ ನೋಡಿದರು. ‘ಇದು ಬಾಕಿ ಅಲ್ಲ ಕಣಮ್ಮ, ಜಮೆ. ಅವರ ಪುಸ್ತಕದಲ್ಲಿ ನಿನ್ನ ಹೆಸರಿಗೆ ಜಮೆ ಇದೆ. ನೀನು ಅವರಿಗೆ ಕೊಡಬೇಕಿಲ್ಲ, ಅವರೇ ನಿನಗೆ ಕೊಡಬೇಕು.’

ಅಬ್ಬಾ! ಇಷ್ಟು ವರ್ಷ ಆ ಕಾರ್ಡನ್ನು ಸಾಲದ ಕಾರ್ಡು ಅಂದುಕೊಂಡೇ ಪರ್ಸಿನಲ್ಲಿಟ್ಟಿದ್ದೆ. ಒಂದು ವಾಪಸಾತಿಯಿಂದ ತಕ್ಕಡಿಯೇ ಆ ಕಡೆಗೆ ವಾಲಿಬಿಟ್ಟಿದೆ. ಬ್ಯಾಂಕು ಸಾಲಗಾರ, ನಾನು ಸಾಲ ಕೊಟ್ಟವಳು! 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೊಲಿಯ ಗಣಿತದ ಪುಸ್ತಕ ವಿವರಿಸಿದ್ದು ಈ ಎರಡು ಬದಿಯ ಲೆಕ್ಕವನ್ನೇ. ಅಪ್ಪ ಮಂಡಿಯ ಕೆಂಪು ಬಟ್ಟೆಯ ಪುಸ್ತಕದಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು ಬರೆಯುತ್ತಿದ್ದುದು ಕಣ್ಣಿಗೆ ಕಟ್ಟಿತು. ನನ್ನ ಫೋನಿನ ಪರದೆಯ ಮೇಲೂ ಅದೇ ಗೆರೆ!

ಕುತೂಹಲ ತಡೆಯಲಾಗದೆ, ‘ಸಿಆರ್’ ಸೂಚಿಸುವ ‘ಕ್ರೆಡಿಟ್’ ಎಂಬ ಪದದ ಬೇರು ಹುಡುಕಿ ಹೊರಟೆ. ಅದು ಲ್ಯಾಟಿನ್‌ನದು, ‘ನಂಬು’ ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಭಾಷಾಶಾಸ್ತ್ರಜ್ಞರ ಪ್ರಕಾರ ಆ ಲ್ಯಾಟಿನ್ ಪದವೂ ಸಂಸ್ಕೃತದ ‘ಶ್ರದ್ಧಾ’ ಪದವೂ ಒಂದೇ ಬೇರಿನವು. ನಾವು ದಿನಾ ಶ್ರದ್ಧೆಯಿಂದ ಓದು, ಶ್ರದ್ಧೆಯಿಂದ ಮಾಡು ಅನ್ನುತ್ತೇವಲ್ಲ, ಆ ಶ್ರದ್ಧೆ! ಬ್ಯಾಂಕಿನ ಬಿಲ್ಲಿನ ಮೂಲೆಯಲ್ಲಿ ಕೂತಿದ್ದ ಎರಡಕ್ಷರ ನಮ್ಮ ಮನೆಮಾತಿನ ನೆಂಟನೆಂದು ತಿಳಿದಾಗ ನನಗೆ ರಾತ್ರಿ ನಿದ್ದೆಯೇ ಬರಲಿಲ್ಲ.

ಸರಿ, ಆ ಹಣ ಏನಾಗುತ್ತದೆ? ಕಾರ್ಡಿನಲ್ಲೇ ಬಿಟ್ಟರೆ ಮುಂದಿನ ಖರೀದಿಗೆ ವಜಾ ಆಗುತ್ತದೆ. ಅಲ್ಲಿಯವರೆಗೆ ಕಟ್ಟುವಂಥದ್ದು ಏನೂ ಇಲ್ಲ. ಆದರೆ ಉಳಿತಾಯ ಖಾತೆಯಲ್ಲಿದ್ದಂತೆ ಬಡ್ಡಿ ಹುಟ್ಟುವುದಿಲ್ಲ. ಎಟಿಎಂನಿಂದ ಎಳೆದುಕೊಳ್ಳಲು ಹೋದರೆ ನಗದು ತೆಗೆದ ಶುಲ್ಕ ಬೀಳಬಹುದು.

ನಿಜವಾದ ನಿಧಿ ಸಿಕ್ಕಿದ್ದು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ. 2022ರ ಏಪ್ರಿಲ್ 21ರಂದು ಹೊರಟ ನಿರ್ದೇಶನ ಅದು, ಜಾರಿಯಾದದ್ದು ಅದೇ ವರ್ಷದ ಜುಲೈ 1ಕ್ಕೆ. ಓದುತ್ತಾ ಓದುತ್ತಾ ಕುರ್ಚಿಯಿಂದ ಎದ್ದು ನಿಂತೆ! ಬಿಲ್ ಕಟ್ಟುವ ಮೊದಲೇ, ಗಡುವಿನೊಳಗೆ ರಿಫಂಡ್ ಬಂದರೆ ಅದನ್ನು ತಕ್ಷಣ ಬಾಕಿಗೆ ಹೊಂದಿಸಿ ನಮಗೆ ತಿಳಿಸಬೇಕು. ನನ್ನಂತೆ ಬಿಲ್ ಕಟ್ಟಿಯಾದ ಮೇಲೆ ಬಂದರೆ? ಆ ಮೊತ್ತ ಕಾರ್ಡ್ ಲಿಮಿಟ್‌ನ ಶೇ. 1 ಅಥವಾ 5,000 ರೂಪಾಯಿ, ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರಿದ್ದರೆ, ಕಾರ್ಡಿನಲ್ಲೇ ಇಟ್ಟುಕೊಳ್ಳಲು ನಮ್ಮ ಒಪ್ಪಿಗೆ ಬೇಕೇ ಬೇಕು. ಏಳು ದಿನದೊಳಗೆ ಎಸ್‌ಎಂಎಸ್ ಅಥವಾ ಇಮೇಲ್‌ನಲ್ಲಿ ಕೇಳಬೇಕು. ನಾವು ಉತ್ತರಿಸದಿದ್ದರೆ ಹಣ ನಮ್ಮ ಬ್ಯಾಂಕ್ ಖಾತೆಗೆ ಹೋಗಬೇಕು. ನನ್ನ ಲಿಮಿಟ್ 2 ಲಕ್ಷ, ಅಂದರೆ ಗೆರೆ 2,000ಕ್ಕೆ. ಫೋನು ತಡಕಿದೆ. ಸೀರೆ ಮಾರಾಟದ, ಸೈಟು ಮಾರಾಟದ ಮೆಸೇಜುಗಳ ಅಡಿಯಲ್ಲಿ ಒಪ್ಪಿಗೆ ಕೇಳಿದ್ದ ಎಸ್‌ಎಂಎಸ್ ಮಲಗಿತ್ತು. ಬಂದು ಎರಡೇ ದಿನವಾಗಿತ್ತು!

ಅದಕ್ಕಿಂತ ಚೆಂದದ್ದು ಮುಂದಿನ ಸಾಲು. ಮೊತ್ತ ಎಷ್ಟೇ ಚಿಕ್ಕದಿರಲಿ, ಕಾರ್ಡಿನ ಜಮೆಯನ್ನು ಖಾತೆಗೆ ಹಾಕಿ ಎಂದು ಕೇಳಿದರೆ ಮೂರು ಕೆಲಸದ ದಿನದೊಳಗೆ ಹಾಕಬೇಕು. ಮುನ್ನೂರು ರೂಪಾಯಿಗೂ ಅದೇ ಮಾತು! ಅಂದೇ ಎರಡು ಸಾಲಿನ ಇಮೇಲ್ ಬರೆದೆ: ಕಾರ್ಡಿನ ಕೊನೆಯ ನಾಲ್ಕು ಅಂಕಿ, ಜಮೆಯ ಮೊತ್ತ, ನನ್ನ ಉಳಿತಾಯ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್. ದೂರು ಸಂಖ್ಯೆ ಬಂತು. ಮೂರನೇ ದಿನ ಬೆಳಗ್ಗೆ ಕಾಫಿ ಸೋಸುತ್ತಿದ್ದಾಗ ಫೋನು ಟಿಣ್ ಅಂದಿತು, 18,490 ಖಾತೆಗೆ ಜಮೆ. ಆ ಮೆಸೇಜನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸುಮ್ಮನೆ ‘ತಾಳೆ ಆಯ್ತು’ ಅಂದರು. ಲೆಕ್ಕ ಬರೆದವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ.

ಕಾರ್ಡು ಮುಚ್ಚಿಸಿದರೂ ಈ ಹಣ ಮುಳುಗದು. ಮುಚ್ಚಿದ ಮೇಲೆ ಉಳಿದ ಜಮೆಯನ್ನು ಖಾತೆಗೆ ವರ್ಗಾಯಿಸಬೇಕು. ಖಾತೆಯ ವಿವರ ಇಲ್ಲದಿದ್ದರೆ ಬ್ಯಾಂಕೇ ಕೇಳಿ ಪಡೆಯಬೇಕು. ಅಮೆರಿಕದಲ್ಲಿರುವ ನಮ್ಮವರಿಗೂ ಇಂಥದೇ ಹಕ್ಕಿದೆ: ಜಮೆ 1 ಡಾಲರ್ ಮೀರಿದ್ದರೆ, ಬರೆದು ಕೇಳಿದ ಏಳು ಕೆಲಸದ ದಿನದೊಳಗೆ ಹಿಂದಿರುಗಿಸಬೇಕೆಂದು ಅಲ್ಲಿಯ ನಿಯಮ ಹೇಳುತ್ತದೆ.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ‘ನಿಮ್ಮ ರಿಫಂಡ್ ಬಂದಿದೆ, ಒಟಿಪಿ ಹೇಳಿ’ ಎಂದು ಯಾರಾದರೂ ಫೋನ್ ಮಾಡಿದರೆ ಕೂಡಲೇ ಇಟ್ಟುಬಿಡಿ. ನಮಗೆ ಹಣ ಬರಲು ಒಟಿಪಿ, ಸಿವಿವಿ, ಯುಪಿಐ ಪಿನ್ ಯಾವುದನ್ನೂ ಯಾರಿಗೂ ಹೇಳಬೇಕಿಲ್ಲ. ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಕರೆ ಮಾಡಿ. ಬರೆದು 30 ದಿನವಾದರೂ ಬ್ಯಾಂಕಿನಿಂದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು.

ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಸ್ಟೇಟ್‌ಮೆಂಟ್ ತೆರೆದು, ಬಾಕಿಯ ಅಂಕಿಯ ತುದಿಯನ್ನು ಒಮ್ಮೆ ನೋಡಿ. ಆ ಎರಡು ಅಕ್ಷರ ಇದ್ದರೆ, ಅದು ನಿಮ್ಮ ದುಡ್ಡು. ಕೇಳಿ.