ತಲೆಯ ಮೇಲಿನ ಮಣ್ಣನ್ನು ತೂಗಿ ನೋಡಿದ್ದೀರಾ?

"ಅಯ್ಯ ನಮ್ಮವ್ವಾ, ನಮ್ಮ ಕಡೆ ಎಲ್ಲಿ ಭೂಕಂಪ ಆಗ್ತದ? ಅದೆಲ್ಲಾ ಹಿಮಾಲಯದ ಕಡೆ!" ಎನ್ನುತ್ತ ಪುಟ ತಿರುವಬೇಡಿ, ಸೋದರಿ. ಅಣ್ಣಿಗೇರಿಯಿಂದ ಸುಮಾರು 300 ಕಿ.ಮೀ. ದೂರದ ಲಾತೂರು ಜಿಲ್ಲೆಯ ಕಿಲ್ಲಾರಿಯೂ ಭೂಕಂಪದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30, ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ನೆಲ ನಡುಗಿತು. ಸತ್ತವರ ಸಂಖ್ಯೆ ಎಂಟರಿಂದ ಹತ್ತು ಸಾವಿರ ಎಂದು ಅಂದಾಜು. 1967ರ ಡಿಸೆಂಬರ್ 11ರಂದು ಕೊಯ್ನಾ ನಡುಗಿದ್ದೂ ಬೆಳಗಿನ ಜಾವದಲ್ಲೇ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ನೆಲವಲ್ಲ, ಮನೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಂಬ, ತೊಲೆ ನಿಂತ ಕಡೆಯೂ ಗೋಡೆ ಒಳಕ್ಕೆ ಬಿತ್ತು. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ನಮ್ಮ ಹಳೇ ಮನೆಗಳೂ ಇಂಥವೇ ಅಲ್ಲವೇ?

ಮಾಳಿಗೆ ಸೋರಿತೆಂದರೆ ನಾವು ಮಾಡುವುದೇನು? ಮಳೆಗಾಲಕ್ಕೆ ಮುಂಚೆ ಒಂದಿಷ್ಟು ಮಣ್ಣು ಹೊತ್ತು ಹಾಕುವುದು. ಹಳೆಯದನ್ನು ತೆಗೆಯುವವರು ಯಾರೂ ಇಲ್ಲ. ಅಜ್ಜನ ಕಾಲದ ಮಣ್ಣಿನ ಮೇಲೆ ಅಪ್ಪನ ಮಣ್ಣು, ಅದರ ಮೇಲೆ ನಮ್ಮದು! ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದರ ತೂಕ ನಲವತ್ತು ಕ್ವಿಂಟಲ್‌ಗೂ ಮೇಲು. ಮಳೆ ನೀರು ಕುಡಿದರೆ ಇನ್ನೂ ಹೆಚ್ಚು. ಅದರಡಿಯಲ್ಲೇ ನಮ್ಮ ತೊಟ್ಟಿಲು. 2019ರ ಆಗಸ್ಟ್ ಮಳೆಗೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆ ಬಿದ್ದದ್ದು ಮರೆತಿಲ್ಲ ತಾನೆ? ಅಂದಮೇಲೆ ಈ ಭಾರ ಇಳಿಸುವುದು ಭೂಕಂಪಕ್ಕೂ ಒಳ್ಳೆಯದು, ಮಳೆಗೂ ಒಳ್ಳೆಯದು.

ಆದ್ದರಿಂದ ಈ ಸಲ ರೋಹಿಣಿ ಮಳೆಗೆ ಮುಂಚೆ ಮನೆಯವರ ಹತ್ತಿರ ಮಾತು ತೆಗೆಯಿರಿ. "ಮಣ್ಣು ಹಾಕೂದು ಇರಲಿ, ಮೊದಲ ಹಳೇ ಮಣ್ಣು ಇಳಸ್ರಿ" ಅನ್ನಿ. ಅತ್ತೆಯವರು "ನಮ್ಮ ಕಾಲದಿಂದ ಹಿಂಗ ಐತಿ" ಎಂದರೆ ಎದುರಾಡಬೇಡಿ, ತೂಕದ ಲೆಕ್ಕ ಹೇಳಿ. ತಿಳಿದ ಗೌಂಡಿಯನ್ನು ಕರೆಸಿ ಜಂತಿ, ತೊಲೆ ತೋರಿಸಿ. ಎಲ್ಲ ಕಡೆಯಿಂದ ಸಮನಾಗಿ ತೆಗೆಸಿ, ಒಂದೇ ಮೂಲೆಗೆ ರಾಶಿ ಬೇಡ. ಆರರಿಂದ ಎಂಟು ಇಂಚು ಮಣ್ಣು ಉಳಿದರೆ ಸಾಕು. ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರುವ ಚಿಂತೆಯೂ ಕಡಿಮೆ. ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಗೋಡೆಯೂ ಬಿರಿಯುತ್ತದೆ. ಮೂಲೆಯಲ್ಲಿ ಬಿರುಕು, ಗೋಡೆ ಹೊಟ್ಟೆ ಬಿಟ್ಟಿರುವುದು ಕಂಡರೆ ಸುಣ್ಣ ಬಳಿದು ಮುಚ್ಚಬೇಡಿ, ರಿಪೇರಿ ಮಾಡಿಸಿ. ಹೊಸದಾಗಿ ಕಟ್ಟುವಾಗ ಗೋಡೆಯ ಒಳಮೈಯಿಂದ ಹೊರಮೈವರೆಗೆ ಮುಟ್ಟುವ ಉದ್ದಗಲ್ಲನ್ನು ಅಲ್ಲಲ್ಲಿ ಕೂಡಿಸಲು ಹೇಳಿ. ಅದಿಲ್ಲದಿದ್ದರೆ ಗೋಡೆ ಎರಡು ಪದರಾಗಿ ಸೀಳುತ್ತದೆ.

ಇನ್ನು ನಮ್ಮ ಕೈಯಳತೆಯ ಕೆಲಸ. ನಾಗೊಂದಿಗೆಯ ಮೇಲಿನ ಹಂಡೆ, ಕೊಡ, ತಾಮ್ರದ ಪಾತ್ರೆ ಇಂದೇ ಕೆಳಗಿಳಿಸಿ. ಅದರಡಿ ಯಾರ ಹಾಸಿಗೆಯೂ ಬೇಡ. ಕಪಾಟನ್ನು ಗೋಡೆಗೆ ಬಿಗಿಸಿ, ಮಲಗುವ ಮುನ್ನ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ತಲಬಾಗಿಲ ದಾರಿಯಲ್ಲಿ ಜೋಳದ ಚೀಲ ಒಟ್ಟಬೇಡಿ. ಮನೆಯೊಳಗೇ ದನ ಕಟ್ಟುವವರು ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ.

ಬಾಗಿಲ ಹತ್ತಿರ ಒಂದು ಚೀಲ ಇರಲಿ. ಅದರಲ್ಲಿ ಟಾರ್ಚು, ಔಷಧಿ, ಮಕ್ಕಳ ಬಟ್ಟೆ, ರೇಷನ್ ಕಾರ್ಡು, ಪಾಸ್‌ಬುಕ್ಕು, ಹೊಲದ ಉತಾರಿನ ನಕಲು. ತಿನ್ನಲಿಕ್ಕೆ? ನಮಗೆ ಹೇಳಿಕೊಡಬೇಕೆ! ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅವಲಕ್ಕಿ. ಒಲೆ ಹಚ್ಚದೆ ಮೂರು ದಿನ ಕಳೆಯಬಹುದು. ತಿಂಗಳಿಗೊಮ್ಮೆ ತೆಗೆದು ಉಂಡು, ಹೊಸದು ಇಡಿ. ನೀರು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್, ಮುಚ್ಚಿದ ಕ್ಯಾನಿನಲ್ಲಿ.

ನೆಲ ನಡುಗಿದಾಗ ಏನು ಮಾಡಬೇಕು? ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಗಿಲು ಎರಡು ಹೆಜ್ಜೆಯಲ್ಲಿದ್ದು, ಹೊರಗೆ ಬಯಲಿದ್ದರೆ ತಟ್ಟನೆ ಹೊರಬೀಳಿ. ಆಗದಿದ್ದರೆ ಗಟ್ಟಿ ಮಂಚ, ಮೇಜಿನಡಿ ತೂರಿ ತಲೆ ಮುಚ್ಚಿಕೊಳ್ಳಿ. ಆರ್‌ಸಿಸಿ ಮನೆಯಲ್ಲಿ ಓಡಬೇಡಿ, ಮೇಜಿನಡಿ ಕೂಡಿ. ಕಲಘಟಗಿ ಕಡೆಯ ಹೆಂಚಿನ ಮನೆಯವರು ಸೂರಿನಡಿ ನಿಲ್ಲಬೇಡಿ, ಹೆಂಚು ಜಾರುತ್ತವೆ. ಎರಡೂ ಕಡೆ ಗೋಡೆಯಿರುವ ಸಂದಿಯಲ್ಲೂ ನಿಲ್ಲಬೇಡಿ. ಎಲ್ಲರೂ ಸೇರುವ ಬಯಲು ಯಾವುದೆಂದು ಮೊದಲೇ ಗೊತ್ತು ಮಾಡಿ, ಒಂದು ಭಾನುವಾರ ಮಕ್ಕಳೊಂದಿಗೆ ಆಟದಂತೆ ಮಾಡಿ ನೋಡಿ. ಅಜ್ಜಿಯ ಕೈ ಯಾರು ಹಿಡಿಯಬೇಕು ಅನ್ನೋದೂ ತೀರ್ಮಾನವಾಗಲಿ.

ನಡುಕ ನಿಂತಿತೆಂದು ಬಂಗಾರ ತರಲು ಒಳಗೆ ಹೋಗಬೇಡಿ, ಮತ್ತೆ ನಡುಗಬಹುದು. ಗ್ಯಾಸ್ ವಾಸನೆ ಇದ್ದರೆ ಕಡ್ಡಿ ಗೀರಬೇಡಿ. ಸಹಾಯಕ್ಕೆ 112ಕ್ಕೆ ಫೋನ್ ಮಾಡಿ.

ಭೂಕಂಪ ನಮ್ಮ ಆಯುಷ್ಯದಲ್ಲಿ ಬಾರದೆಯೂ ಇರಬಹುದು, ಬಾರದಿರಲಿ. ಆದರೆ ಮಳೆ ವರ್ಷಾ ಬರುತ್ತದೆ. ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ತಲೆಯೆತ್ತಿ ಜಂತಿಗಳನ್ನು ನೋಡಿ. ಬಾಗಿದ್ದರೆ ನಾಳೆಯೇ ಗೌಂಡಿಗೆ ಹೇಳಿ ಕಳಿಸಿ.