ನರ್ಸ್‌ಗೂ ಒಂದು ಗಂಟೆ ಬೇಕು: ಕ್ಲಿನಿಕಲ್ ಸೂಪರ್‌ವಿಷನ್ ಅಂದ್ರೆ ಏನು?

ಇವತ್ತಿನ ಎಪಿಸೋಡ್ ಶುರುವಾಗಿದ್ದು ನಮ್ಮಕ್ಕನ ಒಂದು ಫೋನ್ ಕಾಲ್‌ನಿಂದ.

ಅಕ್ಕ ಸ್ಟಾಫ್ ನರ್ಸ್. ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಫೋನ್ ಮಾಡಿದ್ಲು. "ಒಬ್ಬರ ಇಂಜೆಕ್ಷನ್ ಪಕ್ಕದ ಬೆಡ್‌ನವರಿಗೆ ಕೊಡೋಕೆ ಹೋಗಿದ್ದೆ ಕಣೋ. ಕೊನೇ ಕ್ಷಣದಲ್ಲಿ ಹೆಸರು ನೋಡಿದೆ." ಯಾರಿಗೂ ಏನೂ ಆಗಲಿಲ್ಲ. "ಆಸ್ಪತ್ರೇಲಿ ಹೇಳಿದ್ಯಾ ಅಕ್ಕಾ?" ಅಂದೆ. "ಹೇಳಿದ್ರೆ ಮೆಮೋ ಕೊಡ್ತಾರೆ, ಅಷ್ಟೇ."

ನಾನು ಓದಿದ್ದು ಬಿ.ಕಾಂ. ಸೂಪರ್‌ವಿಷನ್ ಅಂದ್ರೆ ನನ್ನ ತಲೆಗೆ ಬರೋದು ಆಡಿಟ್, ಲೆಕ್ಕ ಕೆದಕಿ ತಪ್ಪು ಹುಡುಕೋದು. ಆದರೆ ನರ್ಸಿಂಗ್‌ನಲ್ಲಿ ಕ್ಲಿನಿಕಲ್ ಸೂಪರ್‌ವಿಷನ್ ಅಂದ್ರೆ ಬೇರೆಯೇ. ತರಬೇತಿ ಪಡೆದ ಸಹೋದ್ಯೋಗಿಯೊಬ್ಬರ ಜೊತೆ, ಅಥವಾ ಒಂದು ಸಣ್ಣ ಗುಂಪಿನಲ್ಲಿ, ವಾರ್ಡಿನ ಗದ್ದಲದಿಂದ ಆಚೆ ಕೂತು ತಮ್ಮ ಕೆಲಸದ ಬಗ್ಗೆ ಮನಬಿಚ್ಚಿ ಮಾತಾಡೋಕೆ ಅಂತಲೇ ಎತ್ತಿಟ್ಟ ಸಮಯ ಅದು.

ಬ್ರಿಟನ್‌ನ ಆರೋಗ್ಯ ಇಲಾಖೆ 1993ರಲ್ಲೇ ಇದನ್ನು ಬೆಂಬಲಿಸಿತ್ತು. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಬ್ರಿಜಿಡ್ ಪ್ರಾಕ್ಟರ್ ಅವರದ್ದು. ಅದರ ಪ್ರಕಾರ ಈ ಮಾತುಕತೆಯಿಂದ ಮೂರು ಕೆಲಸ ಆಗಬೇಕು: ಗುಣಮಟ್ಟ ಕಾಯೋದು, ಕಲಿಕೆ ಬೆಳೆಸೋದು, ಮನಸ್ಸಿನ ಭಾರ ಇಳಿಸೋದು. ಕೋವಿಡ್ ಹೊತ್ತಿನಲ್ಲಿ, 2021ರಲ್ಲಿ, ಇಂಥ ಮಾತುಕತೆ ನಡೆಸೋಕೆ 'ಪ್ರೊಫೆಷನಲ್ ನರ್ಸ್ ಅಡ್ವೊಕೇಟ್'ಗಳನ್ನು ತಯಾರು ಮಾಡುವ ತರಬೇತಿಯನ್ನು ಇಂಗ್ಲೆಂಡ್ ಆರಂಭಿಸಿತು.

ಸರಿ, ರೋಗಿಗೇನು ಲಾಭ? ಅಕ್ಕನ ಕೇಸನ್ನೇ ತಗೊಳ್ಳಿ. ನಾನು ಕೆದಕಿದಾಗ ಹೇಳಿದ್ಲು: ಇಬ್ಬರ ಔಷಧಿಯೂ ಒಂದೇ ಟ್ರೇನಲ್ಲಿತ್ತು, ಮಧ್ಯೆ ಯಾರೋ ಕರೆದ್ರು. ಇದನ್ನೇ ಸೂಪರ್‌ವಿಷನ್‌ನಲ್ಲಿ ಹೇಳೋಕೆ ಆಗಿದ್ರೆ ಟ್ರೇ ಬೇರೆ ಮಾಡೋ ಯೋಚನೆ ಬರ್ತಿತ್ತು, ನಾಳೆ ಬರೋ ನರ್ಸ್ ಕೂಡ ಎಡವೋದು ತಪ್ತಿತ್ತು. ಮೆಮೋ ಬಂದ್ರೆ? ಅಕ್ಕ ಹೆದರ್ತಾಳೆ, ಟ್ರೇ ಹಾಗೇ ಇರುತ್ತೆ.

ಆದರೆ ಎರಡು ಷರತ್ತು. ಎದುರಿಗೆ ಕೂರುವವರು ನಿಮ್ಮ ರಜೆ, ಇನ್‌ಕ್ರಿಮೆಂಟ್ ನಿರ್ಧರಿಸೋ ಮೇಲಧಿಕಾರಿಯೇ ಆದ್ರೆ ಬಾಯಿ ಬಿಡೋದು ಕಷ್ಟ. ಇನ್ನು, ಆ ಗಂಟೆ ಡ್ಯೂಟಿಯೊಳಗೇ ಸಿಗಬೇಕು. ಅಂದ್ರೆ ವಾರ್ಡ್ ನೋಡ್ಕೊಳ್ಳೋಕೆ ಇನ್ನೊಬ್ಬ ನರ್ಸ್ ಬೇಕು. ಹೌದು, ಅದು ಖರ್ಚೇ. ಆದರೆ ತಪ್ಪು ಇಂಜೆಕ್ಷನ್‌ಗೂ ಒಂದು ಬೆಲೆ ಇದೆ, ಅದನ್ನು ಕೊಡೋದು ರೋಗಿ.

ಆವತ್ತು ಬೆಳಗ್ಗೆ ಅಕ್ಕನ ಮಾತು ಕೇಳಿಸ್ಕೊಂಡಿದ್ದು ನಾನು. ಅವಳ ಮನಸ್ಸೇನೋ ಹಗುರಾಯ್ತು. ಆದ್ರೆ ಆ ಟ್ರೇ ಬದಲಾಯಿಸೋದು ನನ್ನ ಕೈಯಲ್ಲಿರಲಿಲ್ಲ.

ನಿಮ್ಮನೇಲೂ ನರ್ಸ್ ಇದ್ರೆ ಇವತ್ತು ಒಮ್ಮೆ ಕೇಳಿ: ಡ್ಯೂಟೀಲಿ ನಿಮ್ಮ ಮಾತು ಕೇಳಿಸ್ಕೊಳ್ಳೋರು ಯಾರಿದ್ದಾರೆ? ಮುಂದಿನ ವಾರ ಸಿಗೋಣ.